ಸಣ್ಣದಾಗುತ್ತಿದ್ದ ಬನ್ನಿ ಮರ

ನಮ್ಮವರದು ಜಂಗಲ್ ಖಾತೆಯಲ್ಲಿ ಮರ ಅಳೆಯುವ ನೌಕರಿ. ನಮ್ಮೂರು ಮೇಲವಂಕಿಯ ಆಚೆ ಬರೀ ಹುಲ್ಲು, ನಡುವೆ ಅಲ್ಲೊಂದು ಇಲ್ಲೊಂದು ಜಾಲಿ, ಮುತ್ತಲ, ಬನ್ನಿ ನಿಂತ ಬಯಲೇ ಅವರ ಕಚೇರಿ. ನೆಲದಿಂದ ಎದೆಮಟ್ಟಕ್ಕೆ ಟೇಪು ಸುತ್ತಿ ಕಾಂಡದ ಸುತ್ತಳತೆ ತೆಗೆಯುವುದು, ಉದ್ದನೆಯ ಗಳ ನಿಲ್ಲಿಸಿ ಎತ್ತರ ನೋಡುವುದು. ಮನೆಗೆ ಬಂದು ಚೌಕದ ಕಾಗದದ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆಯುತ್ತಿದ್ದರು. ಇಷ್ಟು ದಪ್ಪವಾದರೆ ಇಷ್ಟು ಎತ್ತರ, ಮುಂದೆ ಇಷ್ಟು ಬೆಳೆದೀತು ಎಂದು ಆ ಗೆರೆ ನೋಡಿಯೇ ಹೇಳುತ್ತಿದ್ದರು. ರೊಟ್ಟಿ ಆರಿಹೋದರೂ ಏಳುತ್ತಿರಲಿಲ್ಲ ಪುಣ್ಯಾತ್ಮರು. ಮರಗಳ ಮೇಲಿನ ಅಕ್ಕರೆಯಲ್ಲಿ ಅರ್ಧ ನನ್ನ ಮೇಲಿದ್ದರೂ ನಾನು ಬಂಗಾರದ ಪಾಟ್ಲಿ ಬಳೆ ತೊಟ್ಟಿರುತ್ತಿದ್ದೆ.

ಎಲ್ಲ ಮರಗಳ ಚುಕ್ಕಿಗಳೂ ಗೆರೆಯ ಹತ್ತಿರವೇ ಕೂತವು. ಒಂದು ಮಾತ್ರ ಮಾತು ಕೇಳಲಿಲ್ಲ. ಅದು ನಮ್ಮ ಅತ್ತೆಯ ಬನ್ನಿ. ನಿಂತದ್ದು ಸರ್ಕಾರಿ ನೆಲದಲ್ಲಿ, ಸರಿ, ಆದರೆ ಸಸಿಯಿದ್ದಾಗ ಕೊಡ ಹೊತ್ತು ನೀರುಣಿಸಿದವರು ಅತ್ತೆ. ದಸರೆಗೆ ಊರವರೆಲ್ಲ ಅದರ ಎಲೆ ಹರಿದು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಿದ್ದರು. ಆ ಮರ ಅಳತೆಯಲ್ಲಿ ವರ್ಷ ವರ್ಷಕ್ಕೂ ಸಣ್ಣದಾಗುತ್ತಿತ್ತು! ಆಗ ಯುದ್ಧದ ಕಾಲ, ಉರುವಲಿಗೆ ತತ್ವಾರ. ಬೆಳೆಯದ ಮರಗಳನ್ನು ಕಡಿಯಿರಿ ಎಂದು ಸಾಹೇಬರ ಹುಕುಂ ಬಂತು.

"ನನ್ನ ಬನ್ನಿ ಸಣ್ಣದಾಗೈತಿ ಅಂತ ನೀನ ಬರದೀಯೇನೋ, ಖೋಡೀ?" ಅತ್ತೆ ಮಗನ ಮೇಲೆ ಹರಿಹಾಯ್ದರು.

"ಟೇಪು ಹೇಳಿದ್ದು ಬರದೇನಿ, ಯವ್ವಾ. ನಾ ಏನ್ ಮಾಡ್ಲಿ?"

"ಟೇಪು ನಿನ್ನ ಹಡದೈತೇನು?"

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ಅಂದು ಊಟಕ್ಕೆ ಏಳಲಿಲ್ಲ.

ಕಡಿಯುವ ಮೊದಲು ಇನ್ನೊಮ್ಮೆ ಅಳೆಯೋಣವೆಂದು, ಟೇಪಿನ ತುದಿ ಹಿಡಿಯಲು ನಮ್ಮವರು ನನ್ನನ್ನು ಕರೆದೊಯ್ದರು. ಮದುವೆಯಾದ ಹೊಸದರಲ್ಲೂ ಹೀಗೇ ಕರೆದೊಯ್ದಿದ್ದರು. ಆಗ ಕಾಂಡದ ಮೇಲಿನ ಗಂಟೊಂದು ನನ್ನ ತಲೆಗಿಂತ ಮೇಲಿತ್ತು, ಕೈಯೆತ್ತಿ ಮುಟ್ಟಿದ್ದೆ. ಈಗ ನೋಡಿದರೆ ನನ್ನ ಗದ್ದದ ಹತ್ತಿರ ಇದೆ.

"ಏನ್ರೀ, ಈ ಗಂಟು ಕೆಳಗ ಇಳದೈತಿ ನೋಡ್ರಿ."

"ಮರದ ಗಂಟು ಇಳಿಯೂದಿಲ್ಲ. ನೀನ ಬೆಳದಿರಬೇಕು."

"ಮಕ್ಕಳನ್ನ ಹಡದ ಮ್ಯಾಲ ಯಾರರ ಬೆಳೀತಾರೇನ್ರಿ?"

ಅವರು ನಕ್ಕರು. ನಗುತ್ತಲೇ ಕಾಲ ಕೆಳಗೆ ನೋಡಿ, ಹಿಮ್ಮಡಿಯಿಂದ ಮಣ್ಣು ಕೆದಕಿದರು. ಪ್ರತಿ ದಸರೆಯ ಮುಂಚೆ ಅತ್ತೆ ಮರದ ಬುಡಕ್ಕೆ ಮಣ್ಣು ಒಟ್ಟಿ, ಸಗಣಿ ಸಾರಿಸಿ ಕಟ್ಟೆ ಏರಿಸುತ್ತಿದ್ದರು. ಅಂಚಿಗೆಲ್ಲ ಹುಲ್ಲು ಬೆಳೆದು ಅದು ನೆಲದಂತೆಯೇ ಆಗಿತ್ತು. ನೆಲ ಏರಿದಂತೆ ಟೇಪು ಸುತ್ತುವ ಎದೆಮಟ್ಟವೂ ಏರಿತು, ಮೇಲೆ ಹೋದಷ್ಟೂ ಕಾಂಡ ಸಣ್ಣ. ಮರ ಪಾಪ ಬೆಳೆಯುತ್ತಲೇ ಇತ್ತು.

ನಮ್ಮವರು ಹೋಗಿ ಹೇಳಿದರೆ, ಹಳೆಯ ನೆಲ ಕಣ್ಣಿಗೆ ಕಾಣಲಿ, ಆಮೇಲೆ ನೋಡೋಣ ಎಂದರು ಸಾಹೇಬರು. ಪೂಜೆಯ ಕಟ್ಟೆಗೆ ಗುದ್ದಲಿ ಹಾಕಲು ಊರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಕೊನೆಗೆ ಅತ್ತೆಯೇ ಸೆರಗು ಸಿಗಿಸಿ ಅಗೆದರು. ತಾವು ಕಟ್ಟಿದ್ದನ್ನು ತಾವೇ ಒಡೆಯುವಾಗ ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಹೊಸ ಅಳತೆಯ ಚುಕ್ಕಿ ಸರಿಯಾಗಿ ಗೆರೆಯ ಮೇಲೆ ಕೂತಿತು. ಸಾಹೇಬರು ಒಪ್ಪಿದರು, ಮರ ಉಳಿಯಿತು.

ಆ ದಸರೆಗೆ ಅತ್ತೆ ಬರೀ ನೆಲದ ಮೇಲೆ ನಿಂತು ಕೈ ಚಾಚಿದರು. ಊರವರು ಹರಿದು ಹರಿದು ಕೆಳಗಿನ ಕೊಂಬೆಗಳು ಬೋಳಾಗಿದ್ದವು. ತುದಿಗಾಲಲ್ಲಿ ನಿಂತರೂ ಎಲೆ ಸಿಗಲಿಲ್ಲ.

"ಅದಕ್ಕ ಕಟ್ಟಿ ಏರಿಸ್ತಿದ್ದೆ ನಾ," ಎಂದರು ಮೆಲ್ಲಗೆ. "ವರ್ಷಾ ವರ್ಷಾ ಎಟುಕದಂಗ ಆಗಾಕತ್ತಿತ್ತು."

ನಮ್ಮವರು ತಾಯಿಯ ಸೊಂಟ ಹಿಡಿದು ಮೇಲೆತ್ತಿದರು. ಅತ್ತೆ ನಾಚಿಕೊಂಡು ನಕ್ಕರು, ಒಂದು ಹಿಡಿ ಎಲೆ ಹರಿದು ಮೊದಲು ಮಗನ ರುಮಾಲಿಗೇ ಸಿಕ್ಕಿಸಿದರು.

"ಬನ್ನಿ ತಗೊಂಡು ಬಂಗಾರದಂಗ ಇರೋಣಪಾ. ಇನ್ನ ಇಳಸು."

ಅವರು ಇಳಿಸಲಿಲ್ಲ. ಎತ್ತಿಕೊಂಡೇ ನಿಂತು ತಾಯಿಯ ಮುಖ ನೋಡಿದರು.

"ಎಷ್ಟು ಹಗೂರ ಆಗೀಯಬೇ, ಯವ್ವಾ."