ಬರತ್ತಿಯೆರೆಯ ಇಂಗ್ಲಿಷ್ ಹಲಗೆ

ಸಂತೆ ಸಂಘದ ಕಾರ್ಯದರ್ಶಿ ಎತ್ತೋರೆ ನನ್ನ ಪಕ್ಕದ ಅಂಗಡಿಯ ಕೋಸಿಮತ್ತೆಯನ್ನು ಮೂರು ವಾರ ಸಂತೆಯಿಂದ ಹೊರಗಿಟ್ಟದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇಟಲಿಯ ಪುಲಿಯಾದ ನಮ್ಮ ಕಡೆ ಬರತ್ತಿಯೆರೆ ಎಂಬ ಕಾಯಿ ಬೆಳೆಯುತ್ತದೆ. ಬಳ್ಳಿ ಕರಬೂಜದ್ದೇ, ಆದರೆ ಎಳೆಯದನ್ನು ಕಿತ್ತು ಸೌತೆಯ ಹಾಗೆ ಉಪ್ಪು ಹಚ್ಚಿ ತಿನ್ನುತ್ತೇವೆ. ಅತ್ತೆ ನಲವತ್ತು ವರ್ಷದಿಂದ ಅದನ್ನೇ ಬೆಳೆದು ಮಾರುವವಳು. ಪರದೇಶದವರಿಗಾಗಿ ತರಕಾರಿಗೆಲ್ಲ ಇಂಗ್ಲಿಷ್ ಹಲಗೆ ಇಡಬೇಕೆಂದು ಎತ್ತೋರೆ ಅಪ್ಪಣೆ ಮಾಡಿದ. ಬರತ್ತಿಯೆರೆಗೆ ಅವನು ಬರೆಸಿ ತಂದದ್ದು 'ಮೆಲನ್'.

"ಹಾಗಂದ್ರೇನೋ?" ಅತ್ತೆ ಅವನನ್ನು ಕೇಳಿದಳು.

"ಕರಬೂಜದ ಹಣ್ಣು ಅತ್ತೆ."

"ಸಿಹಿ ಅಂದ್ಕೊಂಡು ಒಯ್ದೋರು ಮೋಸಗಾತಿ ಅಂತ ಬಯ್ಯೋದು ನನ್ನನ್ನ, ನಿನ್ನನ್ನಲ್ಲ."

"ಇಂಗ್ಲಿಷಲ್ಲಿ ಇದಕ್ಕೆ ಬೇರೆ ಹೆಸರೇ ಇಲ್ವಲ್ಲ!"

"ಇಲ್ದಿದ್ರೆ ನಮ್ಮ ಹೆಸರೇ ಕಲೀಲಿ. ನಾಲಗೆ ಸವೆದುಹೋಗಲ್ಲ."

ಅತ್ತೆ ಆ ಹಲಗೆಯನ್ನು ಬೋರಲು ಹಾಕಿ ಅದರ ಮೇಲೇ ಕಾಯಿ ಹೆಚ್ಚಿದಳು. ಅದಕ್ಕೇ ಹೊರಗಿಟ್ಟರು. ಅವಳು ಸಂತೆಯ ಬಾಗಿಲೆದುರು ಮೆಟ್ಟಿಲ ಮೇಲೆ ಬುಟ್ಟಿ ಇಟ್ಟು ಕೂತಳು.

ನಾನೂ ಅದೇ ಕಾಯಿ ಮಾರುವವನು, ಹೆದರಿ ಮೆಲನ್ ಹಲಗೆ ಇಟ್ಟೆ. ಎರಡನೇ ದಿನವೇ ಪರದೇಶದ ಹೆಂಗಸೊಬ್ಬಳು ಕಚ್ಚಿದ ಕಾಯಿ ತಂದು, ಕಳ್ಳ ಎಂದು ಕೂಗಾಡಿದಳು. ಗಲಾಟೆ ಕೇಳಿ ಅತ್ತೆ ಒಳಗೆ ನುಗ್ಗಿ, ಅದನ್ನೇ ಹೆಚ್ಚಿ ಉಪ್ಪು ಹಚ್ಚಿ ತಿನ್ನಿಸಿ, "ಬರತ್ತಿಯೆರೆ" ಎಂದು ಮೂರು ಸಲ ಹೇಳಿಸಿದಳು. ಹೆಂಗಸು ನಕ್ಕು ಇನ್ನೆರಡು ಕೊಂಡಳು.

ನಾನೋ ಅವಮಾನದ ಸಿಟ್ಟಿಗೆ, "ನಿನ್ನನ್ನ ಯಾರು ಕರೆದ್ರು?" ಅಂದುಬಿಟ್ಟೆ.

ಮೂರು ವಾರ ಕಳೆದು ಅತ್ತೆ ಹಲಗೆಯಿಲ್ಲದೆಯೇ ಬಂದು ಕೂತಳು, ಯಾರೂ ತಡೆಯಲಿಲ್ಲ. ನೀನು ಹೇಳಿದ್ದೇ ಸರಿ ಎಂಬ ಒಂದು ಮಾತಿನ ಸಾಲವನ್ನು ನಾನು ಅವಳಿಗೆ ತೀರಿಸಬೇಕು. ಆರು ವರ್ಷದಿಂದ ಪಕ್ಕದಲ್ಲೇ ಕೂರುತ್ತೇನೆ, ಇನ್ನೂ ತೀರಿಸಿಲ್ಲ.