ನಾಲ್ಕು ಹೆಗಲಿನ ಹೊರಸು

ಪ್ರತಿ ವರ್ಷ ಮೇ ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ನಮ್ಮೂರಲ್ಲಿ ಕಾಂಚನಾ ಸಿಸ್ಟರನ್ನು ಹೊರಸಿನ ಮೇಲೆ, ಅಂದರೆ ಹಗ್ಗದ ಮಂಚದ ಮೇಲೆ, ಹೊತ್ತುಕೊಂಡು ಹೋಗುತ್ತಿದ್ದರು. ಅವರಿಗೆ ಕಾಯಿಲೆ ಕಸಾಲೆ ಏನೂ ಇರುತ್ತಿರಲಿಲ್ಲ. ಹೊಳೆದಂಡೆಯ ಓಣಿಯಿಂದ ದಿಬ್ಬದ ಮೇಲಿನ ಹೈಸ್ಕೂಲಿನವರೆಗೆ, ನಾಲ್ವರು ಗಂಡಸರ ಹೆಗಲ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಾತ ಮಲಗಿ, ಕೈಗಡಿಯಾರ ನೋಡುತ್ತ ಹೋಗುತ್ತಿದ್ದರು.

ನಾನು ಬೆಳಗಾವಿಯಲ್ಲಿ ಓದಿ ಬೆಳೆದು ಜಮಖಂಡಿ ತಾಲೂಕಿನ ಈ ಊರಿಗೆ ಸೊಸೆಯಾಗಿ ಬಂದವಳು. ಮೊದಲ ಸಲ ಆ ಹೊರಸು ನಮ್ಮ ಬಾಗಿಲ ಮುಂದೆ ಹಾದಾಗ ಹೆದರಿ, ಕಂಕುಳಲ್ಲಿದ್ದ ಏಳು ತಿಂಗಳ ಮಗಳನ್ನು ಒಳಗೆ ಒಯ್ದೆ. ಅತ್ತೆ ಗುರುಬಸವ್ವ, "ಏನಿಲ್ಲ ಬಿಡ, ಸಿಸ್ಟರ್ ಹೊಳಿ ಬರೂ ಆಟ ಆಡಾಕತ್ತಾರ" ಎಂದರು.

ಮಳೆಗಾಲದಲ್ಲಿ ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಕೃಷ್ಣೆ ನಮ್ಮ ಕೆಳಗಿನ ಓಣಿಗೆ ನುಗ್ಗುತ್ತದೆ. ಆ ಕೆಸರಿನಲ್ಲಿ ಟ್ರ್ಯಾಕ್ಟರ್ ಕೂಡ ಬರುವುದಿಲ್ಲ. ನಡೆಯಲಾಗದ ಬಸುರಿ, ಬಾಣಂತಿಯರನ್ನು ಹೊರಸಿನ ಮೇಲೆ ದಿಬ್ಬಕ್ಕೆ ಸಾಗಿಸುವ ತಾಲೀಮು ಅದು. ತಾಲೀಮಿಗೆ ಯಾರಾದರೂ ಮಲಗಬೇಕಲ್ಲ, ಯಾರೂ ಮಲಗುತ್ತಿರಲಿಲ್ಲ. ನಾಲ್ಕು ಹೆಗಲ ಮೇಲೆ ಮನೆಯಿಂದ ಹೊರಡುವವರು ಯಾರೆಂದು ಬಿಡಿಸಿ ಹೇಳಬೇಕೆ? ಹಾಗಾಗಿ ನರ್ಸೇ ಮಲಗಬೇಕಾಯಿತು.

"ಹಲಗಿ ಒಂದ ಕಡಿಮಿ ಆತ ನೋಡ್ರಿ" ಎಂದು ಕಟ್ಟೆಯ ಮೇಲೆ ಕೂತವರು ಹೆಣದ ಮುಂದೆ ಬಡಿಯುವ ಹಲಗೆ ನೆನೆದು ನಗೆಯಾಡುತ್ತಿದ್ದರು.

ಮುಂದಿನ ಕಾಲು ಹೊತ್ತ ಹುಲೆಪ್ಪ, "ಸಿಸ್ಟರ್, ಹ್ವಾದ ವರ್ಷಕ್ಕಿಂತ ಭಾರ ಆಗೀರಿ" ಎನ್ನುತ್ತಿದ್ದ.

"ಒಂಬತ್ತ ತಿಂಗಳ ಬಸರಿ ಇನ್ನೂ ಭಾರ ಇರತಾಳ. ನಡಿ, ಮಾತಾಡಿದ್ರ ಉಸರ ಹೋಕ್ಕೈತಿ."

ಊರಿನ ಉಪಕೇಂದ್ರದ ಹಿಂದಿನ ಒಂದು ಕೋಣೆಯೇ ಅವರ ಮನೆ. ಬೀಳಗಿ ಕಡೆಯ ಅವರ ಹುಟ್ಟೂರು ಹಿನ್ನೀರಿನಲ್ಲಿ ಮುಳುಗಿ ತವರಿನವರು ಚೆದುರಿ ಹೋಗಿದ್ದರು. ಗಂಡ ಮದುವೆಯಾದ ಎರಡನೇ ವರ್ಷಕ್ಕೇ ತೀರಿದ್ದರು, ಮಕ್ಕಳಿಲ್ಲ. ಇಪ್ಪತ್ತಾರು ವರ್ಷದಿಂದ ಇಲ್ಲೇ ಇದ್ದರು. ಯಾವ ಕೂಸು ಯಾವ ವಾರ, ಎಷ್ಟು ಹೊತ್ತಿಗೆ ಹುಟ್ಟಿತೆಂದು ತಾಯಂದಿರೇ ಅವರನ್ನು ಕೇಳುತ್ತಿದ್ದರು. ತೊಟ್ಟಿಲಿಗೆ ಹಾಕುವ ದಿನ ಎಲ್ಲ ಮನೆಯಿಂದಲೂ ಕರೆ ಬರುತ್ತಿತ್ತು. ಊಟವಾದ ಮೇಲೆ ಇನ್ನಷ್ಟು ಹೊತ್ತು ಕೂಡ್ರಿ ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ. ನಾನೂ ಹೇಳಿದವಳಲ್ಲ. ಮಗಳಿಗೆ ಕೆಮ್ಮು ಬಂದರೆ ದಿನಕ್ಕೆ ಮೂರು ಸಲ ಅವರ ಬಾಗಿಲು ಬಡಿಯುತ್ತಿದ್ದೆ, ಗುಣವಾದ ಮೇಲೆ ಆ ಕಡೆ ಸುಳಿಯುತ್ತಿರಲಿಲ್ಲ.

ಈ ತಾಲೀಮು ಶುರುವಾದದ್ದು 2019ರ ಮಹಾಪೂರದ ಮರುವರ್ಷ. ಆ ಪೂರದಲ್ಲಿ ತೋಟದ ಮನೆಯೊಂದರಲ್ಲಿ ಹೆರಿಗೆಯಾದವಳಿಗೆ ರಕ್ತ ನಿಲ್ಲಲಿಲ್ಲ. ಸಿಸ್ಟರ್ ಹೊರಸು ತರಿಸಿ ನಾಲ್ಕು ಮಂದಿಯನ್ನು ನಿಲ್ಲಿಸಿದರು. ಮನೆಯವರು ಅಡ್ಡ ನಿಂತರು. ಜೀವಂತ ಇದ್ದವಳನ್ನು ಹಾಗೆ ಕಳಿಸುವುದಿಲ್ಲ, ಟ್ರ್ಯಾಕ್ಟರ್ ಬರಲಿ ಎಂದು ಹಟ ಹಿಡಿದರು. ಒಂದೂವರೆ ತಾಸು ಕಾದರು.

"ಆಮ್ಯಾಲ?" ಎಂದು ನಾನೊಮ್ಮೆ ಕೇಳಿದ್ದೆ.

"ಆಮ್ಯಾಲೂ ನಾಕ ಮಂದೀನ ಹೊತ್ರು, ಸುಡಗಾಡಿಗೆ" ಎಂದು ಸಿಸ್ಟರ್ ಸ್ಟೋವಿನ ಮೇಲಿನ ನೀರು ಇಳಿಸಿದರು.

ಈ ವರ್ಷ ಮೇ ತಿಂಗಳಲ್ಲಿ ಅವರು ನಮ್ಮ ಮನೆಗೆ ಬಂದಾಗ ನಾನು ಎರಡನೆಯದಕ್ಕೆ ಆರು ತಿಂಗಳ ಬಸುರಿ. ಜೂನ್ ಮೂವತ್ತಕ್ಕೆ ಅವರ ನಿವೃತ್ತಿ. ಕೆಳಗಿನ ಓಣಿಯ ಮಾಯವ್ವನ ಸೊಸೆ ಉಮಾಶ್ರೀಗೂ ಆರು ತಿಂಗಳು. ಅವಳ ಮನೆ ಹೊಳೆಗೆ ಎಲ್ಲರಿಗಿಂತ ಹತ್ತಿರ.

"ಮಾಯವ್ವನ ಕೇಳಿದೆ, ಅಕ್ಷತಾ. ನೀರ ಬಂದ್ರ ಸೊಸೀನ ಹೊರಸಿನ ಮ್ಯಾಲ ಕಳಸ್ತೀಯೇನಂತ. ಮೊದಲ ಅಕ್ಷತಾ ಮಲಗಲಿ, ಕಲತಾಕಿ ಅದಾಳ, ಆಕೀಗೇನೂ ಆಗಲಿಲ್ಲಂದ್ರ ನಾವೂ ಕಳಸ್ತೀವಿ ಅಂದ್ಳು. ಈ ಸಲ ತಾಲೀಮಿಗೆ ನೀ ಮಲಗತೀಯೇನವಾ?"

"ಅದಕ್ಕೇನ್ರಿ, ಮಲಗತೀನಿ. ನನಗೆ ಅಂಥಾದ್ದರಲ್ಲಿ ನಂಬಿಕೆ ಇಲ್ಲ" ಎಂದೆ. ನಿಜವಾಗಿಯೂ ಇರಲಿಲ್ಲ. ಅತ್ತೆ ಬೇಡವೆಂದಿದ್ದರೆ ವಾದಿಸಿ ಮಲಗಿಯೇ ಬಿಡುತ್ತಿದ್ದೆನೇನೋ. ಅವರು, "ನಿನಗ ಬಿಟ್ಟದ್ದವಾ, ನನ್ನ ಕೇಳಬ್ಯಾಡ" ಎಂದು ಜೋಳ ಹಸನು ಮಾಡುತ್ತ ಕೂತರು. ಆಮೇಲೆ ಒಂದು ವಾರ ನನಗೆ ಅದೇ ಯೋಚನೆ. ಏನೂ ಆಗುವುದಿಲ್ಲ, ಗೊತ್ತು. ಆದರೆ ನಾಳೆ ಕೂಸಿಗೆ ಬೇರೆ ಯಾವುದೋ ಕಾರಣಕ್ಕೆ ಏನಾದರೂ ಆದರೆ? ಎಲ್ಲರಿಗಿಂತ ಮೊದಲು ನನಗೇ ಆ ಹೊರಸು ನೆನಪಾಗುವುದಲ್ಲವೆ?

ಸೋಮವಾರ ಹೊರಸು ಬಾಗಿಲಿಗೆ ಬಂತು. ಮಾಯವ್ವ, ಉಮಾಶ್ರೀ ಇಬ್ಬರೂ ನೋಡಲು ಬಂದು ನಿಂತಿದ್ದರು. "ತಲೆ ತಿರುಗಾಕತ್ತೈತ್ರಿ ಸಿಸ್ಟರ್" ಎಂದೆ.

ಅವರು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. "ನೂರಾ ಹತ್ತು, ಎಪ್ಪತ್ತು. ಛಲೋ ಐತಿ" ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಪಟ್ಟಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಹೊರಗೆ ಬಂದು, "ಆಕೀಗೆ ಆರಾಮಿಲ್ಲ" ಎಂದು ತಾವೇ ಹೊರಸಿನ ಮೇಲೆ ಮಲಗಿದರು. ಉಮಾಶ್ರೀಯ ಕೈ ಹಿಡಿದು ಮಾಯವ್ವ ಮನೆಗೆ ನಡೆದರು.

ಒಂದು ತಾಸಿನ ನಂತರ ಮನಸ್ಸು ತಡೆಯದೆ ಹೈಸ್ಕೂಲಿಗೆ ಹೋದೆ. ಹೊತ್ತವರು ಹೊರಸನ್ನು ಪಡಸಾಲೆಯಲ್ಲಿಳಿಸಿ ಚಹಾ ಕುಡಿಯಲು ಹೋಗಿದ್ದರು. ರಜೆಯ ಸಾಲೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸಿಸ್ಟರ್ ಇನ್ನೂ ಮಲಗಿಯೇ ಇದ್ದರು. ದಡಬಡನೆ ಹತ್ತಿರ ಹೋದೆ.

"ಸಿಸ್ಟರ್, ಏಳ್ರಿ."

"ಹದಿನಾಕ ಮಿನಿಟಿನ್ಯಾಗ ತಂದ್ರು. ಹ್ವಾದ ವರ್ಷಕ್ಕಿಂತ ಎರಡ ಮಿನಿಟ ಕಡಿಮಿ ಆತು" ಎಂದರು. "ಛತ್ತ ನೋಡ, ಸೀಳ ಬಿಟ್ಟೈತಿ. ಮಳಿ ಬಂದ್ರ ಬಾಣಂತಿ ಮಾರಿ ಮ್ಯಾಲ ಸೋರತೈತಿ. ನಿಂತವರಿಗೆ ಕಾಣೂದಿಲ್ಲ ಇದು."

ನಾನು ಹೊರಸಿನ ಪಕ್ಕ ನೆಲದ ಮೇಲೆ ಕೂತೆ. ತಪ್ಪಾಯಿತೆನ್ನಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ನಿನ್ನ ತಪ್ಪಲ್ಲವಾ. ನಾ ಎಷ್ಟ ವರ್ಷ ಮಲಗಿದ್ರೂ ಏನೂ ಉಪಯೋಗಿಲ್ಲ. ನಾ ಯಾರ ಮನಿ ಸೊಸಿ ಅದೀನಿ? ಯಾರ ಮಗಳ ಅದೀನಿ? ನನ್ನ ಹೊತ್ರ ಯಾರಿಗೇನ ಕೆಡತೈತಿ? ಅದಕ್ಕ ಊರ ನಕ್ಕೋತ ಹೊರತೈತಿ."

ಜುಲೈನಲ್ಲಿ ನಾನು ಬೆಳಗಾವಿಗೆ, ತವರಿಗೆ ಬಂದೆ. ಎರಡನೆಯ ಹೆರಿಗೆಗೆ ಬರಲೇಬೇಕೆಂದೇನಿರಲಿಲ್ಲ, ಹೊಳೆಗೆ ಹೆದರಿ ಬಂದೆ. ಸಿಸ್ಟರ್ ಬೀಳಗಿ ಕಡೆ ಅಣ್ಣನ ಮಗನ ಮನೆ ಸೇರಿದ್ದಾರೆ. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ, ಪಕ್ಕದ ಊರಿನ ಸಿಸ್ಟರ್ ವಾರಕ್ಕೆರಡು ದಿನ ಬಂದು ಹೋಗುತ್ತಾರಂತೆ. ಮೊನ್ನೆ, ನೀರು ಹೊಳೆದಂಡೆಯ ಗುಡಿಯ ಎರಡು ಮೆಟ್ಟಿಲು ಏರಿದೆ ಎಂದು ನನ್ನ ಗಂಡ ಹೇಳಿದ ದಿನ, ಸಿಸ್ಟರಿಗೆ ಫೋನ್ ಮಾಡಿದೆ.

"ಉಮಾಶ್ರೀಗೆ ಎಂಟ ತುಂಬಿದ್ವಲ್ಲ. ಮಾಯವ್ವ ಒಪ್ಪ್ಯಾಳೇನು?" ಎಂದು ಅವರು ಮೊದಲು ಕೇಳಿದ್ದು ಅದನ್ನೇ. ಗೊತ್ತಿಲ್ಲವೆಂದೆ.

ಆಮೇಲೆ ಮಾಯವ್ವನಿಗೇ ಫೋನ್ ಹಚ್ಚಿದೆ. ನೀರು ಇನ್ನೂ ದೂರ ಇದೆಯಲ್ಲ ಎಂದರು ಅವರು.

"ಮಾಯವ್ವಾ, ಆವತ್ತು ನನಗೆ ತಲೆ ತಿರುಗಿರಲಿಲ್ಲ. ಸುಳ್ಳು ಹೇಳಿದೆ. ಹೊರಸಿನ ಮೇಲೆ ಮಲಗಿದರೆ ಏನೂ ಆಗೂದಿಲ್ಲ, ಖರೆ. ಅಂಥ ಹೊತ್ತು ಬಂದರೆ ಉಮಾಶ್ರೀನ ತಡೀಬ್ಯಾಡ್ರಿ."

"ಏನೂ ಆಗೂದಿಲ್ಲ?"

"ಏನೂ ಆಗೂದಿಲ್ರಿ."

"ಹಂಗಾರ ನೀ ಯಾಕ ಮಲಗಲಿಲ್ಲ ಯವ್ವಾ?"

ಅವರು ಕುಹಕದಿಂದ ಕೇಳಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದರು. ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಇರಲಿ ಬಿಡ. ಹೊತ್ತಿಗೆ ಸರಿಯಾಗಿ ಉಣ್ಣ, ಎರಡ ಜೀವದಾಕಿ ಅದೀ" ಎಂದು ಫೋನ್ ಇಟ್ಟರು.