ಗೊತ್ತಿರುವುದನ್ನೇ ಕೇಳುವ ಆಟ

ಪಕ್ಕದ ಕೋಣೆಯ ಅಕ್ಕನಿಗೆ ಮಾತು ಬರುವುದಿಲ್ಲ ಎಂದು ಅವನು ಮೂರು ತಿಂಗಳು ನಂಬಿದ್ದ. ನಂಬಿ ಸುಮ್ಮನಿದ್ದಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ಅವನು ಸಾಲದೆಂಬಂತೆ ಕೈಸನ್ನೆಯನ್ನೂ ಶುರುಮಾಡಿದ್ದ. ಬೀದಿಯ ನಲ್ಲಿಯ ಹತ್ತಿರ ಎದುರಾದಾಗ ಗಾಳಿಯಲ್ಲಿ ನಲ್ಲಿ ತಿರುಗಿಸಿ, ಹುಬ್ಬು ಹಾರಿಸಿ, ‘ನೀರು ಬಂತೇ?’ ಎಂದು ಕೇಳುತ್ತಿದ್ದ. ಆಕೆ ಎರಡು ಬೆರಳು ಹತ್ತಿರ ತಂದು ‘ಸಣ್ಣಗೆ ಬರ್ತಿದೆ’ ಎಂದು ತೋರಿಸಿ, ಅವನ ಕೊಡವನ್ನು ಸಾಲಿನಲ್ಲಿ ಮುಂದಕ್ಕೆ ತಳ್ಳುತ್ತಿದ್ದಳು. ಎಂಥ ಕರುಣಾಮಯಿ, ದೇವರು ಬಾಯಿ ಕಿತ್ತುಕೊಂಡು ಹೃದಯ ಕೊಟ್ಟಿದ್ದಾನೆ ಎಂದುಕೊಂಡು ಅವನು ಕೊಡ ತುಂಬಿಸಿಕೊಂಡು ಹೋಗುತ್ತಿದ್ದ.

ಅವನ ಕೆಲಸ ಫ್ರಿಜ್ ಕಂಪನಿಯೊಂದರ ದೂರು ವಿಭಾಗದಲ್ಲಿ. ತಾನು ಕಣ್ಣಿನಿಂದಲೂ ನೋಡದ ಫ್ರಿಜ್ಜುಗಳ ಪರವಾಗಿ ದಿನವಿಡೀ ಫೋನಿನಲ್ಲಿ ಕ್ಷಮೆ ಕೇಳುವುದು. ಊರಿನಲ್ಲಿ ಯಾರ ಮನೆಯ ಹಾಲು ಒಡೆದರೂ ಬೈಗುಳ ಇವನ ಕಿವಿಗೆ. ಮನೆಗೆ ಬರುವಷ್ಟರಲ್ಲಿ ‘ಹೂಂ’ ಅನ್ನುವುದಕ್ಕೂ ತ್ರಾಣ ಇರುತ್ತಿರಲಿಲ್ಲ.

ಒಂದು ವಾರದ ರಜೆಯಲ್ಲಿ ಪಾರ್ಕಿಗೆ ಹೋದ. ಅಲ್ಲಿ ಅದೇ ಅಕ್ಕ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ನಾಲ್ಕು ವರ್ಷದ ಹುಡುಗನ ಜೊತೆ ನೆಲಕ್ಕೆ ಕುಕ್ಕರಿಸಿ ಅರಳು ಹುರಿದಂತೆ ಮಾತಾಡುತ್ತಿದ್ದಳು.

“ನೋಡೋ ನನ್ನ ದೊರೆ, ಇರುವೆಗಳೆಲ್ಲ ಸಾಲಾಗಿ ಎಲ್ಲಿಗೆ ಹೊರಟಿವೆ? ಮದುವೆಗಾ? ಹಾಗಾದ್ರೆ ಮದುಮಗಳು ಯಾರು? ಆ ಕಡ್ಡಿ ಹೊತ್ಕೊಂಡಿದಾಳಲ್ಲ, ಅವಳಾ? ಅಯ್ಯೋ, ಮದುವೆ ದಿನಾನೂ ಅವಳ ಕೈಲೇ ಕೆಲಸ ಮಾಡಿಸ್ತಾರಲ್ಲೋ!”

ಅವನು ಬಾಯಿ ಬಿಟ್ಟುಕೊಂಡು ನಿಂತ. “ಅಕ್ಕಾ! ನಿಮಗೆ ಮಾತು ಬರುತ್ತಾ?”

ಅಕ್ಕ ಎದೆಯ ಮೇಲೆ ಕೈಯಿಟ್ಟಳು. “ಅಯ್ಯೋ ನನ್ನಪ್ಪಾ, ನಿನಗೂ ಬರುತ್ತಾ? ಪಾಪ ಮೂಗ ಹುಡುಗ ಅಂತ ದಿನಾ ನಿನ್ನ ಕೊಡ ಮುಂದಕ್ಕೆ ತಳ್ಳಿದ್ದೇ ತಳ್ಳಿದ್ದು! ವಾಪಸ್ ಕೊಡೋ ನನ್ನ ಸರದಿನೆಲ್ಲ!”

ಆಕೆ ದೊಡ್ಡ ಮನೆಯೊಂದರಲ್ಲಿ ಆಯಾ. ಸ್ನಾನ, ಊಟಕ್ಕಿಂತ ಮುಖ್ಯ ಕೆಲಸ ಆ ಮರಿ ದೊರೆಯನ್ನು ಮಾತಾಡಿಸುತ್ತಲೇ ಇರುವುದು. “ಮಗು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು, ಸುಮ್ಮನೆ ಕೂರಿಸಬಾರದು” ಎಂದು ಆ ಮನೆಯ ಅಮ್ಮಾವ್ರು ಮೊದಲ ದಿನವೇ ಹೇಳಿದ್ದರು. ಹುಡುಗ ಬೆಳಗ್ಗೆ ಎದ್ದರೆ ‘ಯಾಕೆ’ ಅಂತ ಶುರು, ಮಲಗಿದರೂ ಕನಸಿನಲ್ಲಿ ‘ಯಾಕೆ’. ಎಲ್ಲದಕ್ಕೂ ಉತ್ತರ ಹೇಳಿ ಹೇಳಿ, ಸಂಜೆ ತನ್ನ ಮನೆಯ ಹೊಸ್ತಿಲು ದಾಟುವಾಗ ಅಕ್ಕನ ಬಾಯಿಗೆ ಬೀಗ ಬಿದ್ದಿರುತ್ತಿತ್ತು. ಸೌಟಿನಿಂದ ತಟ್ಟೆಗೆ ಒಂದು ಸಲ ಬಡಿದರೆ ಊಟಕ್ಕೆ ಬಾ, ದೀಪದ ಕಡೆ ಗಲ್ಲ ಎತ್ತಿದರೆ ಆರಿಸು. ಗಂಡ ಲಾರಿಯ ಮೇಲೆ. ಬಂದರೆ ಅವನದು ಗೊರಕೆಯ ಭಾಷೆ ಒಂದೇ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದು ನಿಜವಾಗಿದ್ದರೆ ಆ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬಂಗಾರ ಬಿದ್ದಿರಬೇಕಿತ್ತು.

ಈ ಬಂಗಾರದಲ್ಲಿ ಬೆಳೆದವಳು ಮಗಳು. ಗುಮ್ಮನ ಗುಸಕಿಯಾದ್ದರಿಂದ ಬೀದಿಯವರು ಅವಳನ್ನು ಗುಮ್ಮಿ ಎನ್ನುತ್ತಿದ್ದರು. ಗುಮ್ಮಿ ಶಾಲೆಯಲ್ಲೂ ತುಟಿ ಬಿಚ್ಚುವುದಿಲ್ಲವೆಂದು ಟೀಚರ್ ಹೇಳಿಕಳಿಸಿದ್ದರು. ಸೋಮವಾರ ಇನ್ನೊಂದೇ ಸಲ ಪ್ರಶ್ನೆ ಕೇಳುತ್ತಾರಂತೆ. ಉತ್ತರ ಬಂದರೆ ಒಂದನೇ ಕ್ಲಾಸು, ಇಲ್ಲದಿದ್ದರೆ ಮತ್ತೆ ಒಂದು ವರ್ಷ ಶಿಶುವರ್ಗದ ಚಾಪೆ.

“ಚಾಪೆ ಮೇಲೆ ಕೂತರೆ ಕೂರಲಿ ಬಿಡು. ಆದ್ರೆ ಒಂದು ಸಲ ದಡ್ಡಿ ಅಂತ ಹೆಸರು ಬಿತ್ತು ಅಂದ್ರೆ ಆಮೇಲೆ ಯಾರೂ ಅಳಿಸಲ್ಲ ಕಣೋ ತಮ್ಮ” ಎಂದಳು ಅಕ್ಕ. ಅದನ್ನು ಹೇಳುವಾಗ ಮಾತ್ರ ಅವಳ ದನಿಯಲ್ಲಿ ಪಾರ್ಕಿನ ಗೆಲುವು ಇರಲಿಲ್ಲ.

“ಮಾತಾಡಿಸೋದೇ ನನ್ನ ಉದ್ಯೋಗ ಅಕ್ಕ. ನನಗೆ ಬಿಡಿ” ಎಂದು ಅವನು ಎದೆ ತಟ್ಟಿಕೊಂಡ.

ಒಂದು ಚಿತ್ರದ ಪುಸ್ತಕ ಕೊಂಡು ತಂದ. ಗುಮ್ಮಿಯನ್ನು ಮುಂದೆ ಕೂರಿಸಿಕೊಂಡು, ಹಸುವಿನ ಮೇಲೆ ಬೆರಳಿಟ್ಟು, “ಇದೇನು ಪುಟ್ಟಿ?” ಎಂದ. ಗುಮ್ಮಿ ಹಸುವನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ಹಸುವನ್ನು ನೋಡಿದಳು. ಚೆಂಡು ತೋರಿಸಿದ. ಛತ್ರಿ ತೋರಿಸಿದ. ಅವಳ ಮುಖದಲ್ಲಿ ಒಂದು ಬಗೆಯ ಮರುಕ ಹೆಚ್ಚುತ್ತಾ ಹೋಯಿತೇ ಹೊರತು ಸದ್ದು ಬರಲಿಲ್ಲ. ಒಡೆದ ಹಾಲಿನವರಾದರೂ ವಾಸಿ, ಬೈಯುವುದಕ್ಕಾದರೂ ಬಾಯಿ ತೆರೆಯುತ್ತಾರೆ ಎನ್ನಿಸಿತು ಅವನಿಗೆ.

ಮರುದಿನ ಅಕ್ಕ ಬಾಗಿಲಲ್ಲಿ ನಿಂತು ಸೆರಗು ಬಾಯಿಗೊತ್ತಿ ನಗುತ್ತಿದ್ದಳು. “ನನ್ನ ಮಗಳು ರಾತ್ರಿ ಏನಂದ್ಲು ಗೊತ್ತಾ? ‘ಅಮ್ಮ, ಮಾಮ ಅಷ್ಟು ದೊಡ್ಡವರಾಗಿದಾರೆ, ಪಾಪ ಅವರಿಗೆ ಹಸು ಗೊತ್ತಿಲ್ಲ. ಯಾರಿಗೂ ಹೇಳಬೇಡ’ ಅಂತ!”

ಮೂಗನಾಗಿದ್ದವನಿಗೆ ಈಗ ದಡ್ಡನೆಂದು ಬಡ್ತಿ. ಆದರೆ ಗುಮ್ಮಿಯ ಲೆಕ್ಕ ತಪ್ಪಾಗಿರಲಿಲ್ಲ. ಅವರ ಮನೆಯಲ್ಲಿ ಗೊತ್ತಿಲ್ಲದಿದ್ದರೆ ಮಾತ್ರ ಕೇಳುತ್ತಿದ್ದರು: ಬಕೆಟ್ ಎಲ್ಲಿ, ಸೀಮೆಎಣ್ಣೆ ಮುಗೀತಾ, ಯಾರು ಬಂದಿದ್ರು. ತಲೆಯ ಮೇಲೆ ಚಂದ್ರನಿರುವಾಗ ‘ಚಂದ್ರ ಎಲ್ಲಿ’ ಎಂದು ಕೇಳಿ, ಮಗು ಬೆರಳು ತೋರಿಸಿದರೆ ಚಪ್ಪಾಳೆ ತಟ್ಟುವ ಆಟ ದೊಡ್ಡ ಮನೆಯದು. ಮರಿ ದೊರೆ ಆ ಆಟದಲ್ಲೇ ಹಲ್ಲು ಮೂಡಿಸಿಕೊಂಡವನು. ಶಾಲೆಯಲ್ಲಿ ಆಡಿಸುವುದೂ ಅದನ್ನೇ.

ಅಂದು ಸಂಜೆ ಅಕ್ಕ ಪಟ್ಟು ಹಿಡಿದು ಮಗಳ ಮುಂದೆ ದೊಡ್ಡ ಮನೆಯ ದನಿ ತೆಗೆದಳು. “ಓಹೋ, ನನ್ನ ಬಂಗಾರಿ, ಹಸು ಏನು ತಿನ್ನುತ್ತೆ ಹೇಳು ನೋಡೋಣ?” ಪಕ್ಕದ ಕೋಣೆಯಲ್ಲಿ ಇವನು ಗೋಡೆಗೆ ಕಿವಿ ಹಚ್ಚಿದ. ಗುಮ್ಮಿಯ ದನಿ ಕೇಳಿಸಿತು. “ಅಮ್ಮ, ಜ್ವರ ಬಂದಿದ್ಯಾ?”

ಸೋಮವಾರ ಮೂವರೂ ಶಾಲೆಗೆ ಹೋದರು. ಟೀಚರ್ ಕೆಟ್ಟವರಲ್ಲ; ತುಂಬಿದ ತರಗತಿಯನ್ನು ಕಾದು ಕಾದು ಬಳಲಿದವರು. ಗೋಡೆಯ ಪಟದ ಮೇಲೆ ಕೋಲಿಟ್ಟು, “ಇದು ಏನು ಮಗು?” ಎಂದರು. ಹಸು. ಗುಮ್ಮಿ ಸುಮ್ಮನಿದ್ದಳು. “ಹೇಳೇ, ಹೇಳು” ಎಂದು ಅಕ್ಕ ಹಿಂದಿನಿಂದ ತಿವಿದಳು. ಕೋಲು ಮರಕ್ಕೆ ಹೋಯಿತು, ಕಾಗೆಗೆ ಹೋಯಿತು. ಗುಮ್ಮಿ ಕಲ್ಲು.

ಟೀಚರ್ ಕೋಲು ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ಅಕ್ಕನ ಕಣ್ಣು ತುಂಬಿದ್ದು ನೋಡಿ, ಬೇರೆ ಏನಾದರೂ ಮಾತಾಡೋಣವೆಂದು ಕೇಳಿದರು. “ನಿಮ್ಮ ಕಡೆ ಇವತ್ತು ನೀರು ಬಂತೇನ್ರಿ? ನಮ್ಮನೇಲಿ ಹನಿ ಇಲ್ಲ.”

“ಬಂತು” ಎಂದಳು ಗುಮ್ಮಿ.

ಮೂವರೂ ತಿರುಗಿದರು.

“ಮೊದಲು ಕೆಂಪು ನೀರು ಬರುತ್ತೆ ಟೀಚರ್, ಅದನ್ನ ಕುಡಿಯೋಕೆ ಹಿಡೀಬಾರದು, ನೆಲ ಒರೆಸೋಕೆ ಇಟ್ಕೋಬೇಕು. ಆಮೇಲೆ ಬಿಳಿದು. ಮೂಲೆಮನೆ ಅಜ್ಜಿ ಒಂದೇ ಕೊಡ ಅಂತ ಹೇಳಿ ಮೂರು ಹಿಡೀತಾರೆ. ಈ ಮಾಮನ ಕೊಡದ ತಳ ತೂತು, ಅವರಿಗೆ ಗೊತ್ತೇ ಇಲ್ಲ. ನಿಮ್ಮನೆ ಮಹಡಿ ಮೇಲಿದ್ಯಾ? ಮೇಲಿದ್ರೆ ಬರಲ್ಲ. ಕೆಳಗಿನವರು ನಲ್ಲಿ ನಿಲ್ಲಿಸಿದ್ಮೇಲೆ ತಿರುಗಿಸಿ ನೋಡಿ.”

ಟೀಚರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಮೆಲ್ಲಗೆ ಪಟದ ಕಡೆ ಬೆರಳು ತೋರಿಸಿದರು. “ಹಾಗಾದ್ರೆ... ಅದೇನಮ್ಮ?”

“ಹಸು” ಎಂದಳು ಗುಮ್ಮಿ, ತುಂಬ ಕನಿಕರದಿಂದ. “ನಿಮಗೂ ಗೊತ್ತಿಲ್ವಾ?”

ಟೀಚರ್ ನಕ್ಕರು. ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಆಮೇಲೆ ಗುಮ್ಮಿಯನ್ನು ತಾವೇ ಕೈಹಿಡಿದು ಕರೆದುಕೊಂಡು ಹೋಗಿ, ಒಂದನೇ ಕ್ಲಾಸಿನ ಬೆಂಚಿನಲ್ಲಿ ಜಾಗ ತೋರಿಸಿ ಬಂದರು.

ಇಷ್ಟಕ್ಕೆ ಕೈಮುಗಿದು ಹೊರಟಿದ್ದರೆ ಆಗುತ್ತಿತ್ತು. ಆದರೆ ನಮ್ಮ ದೂರು ವಿಭಾಗದವನಿಗೆ ಗೆದ್ದಾಗ ನಾಲಿಗೆ ನಿಲ್ಲುವುದಿಲ್ಲ. “ಈ ಅಕ್ಕ ಏನು ಸಾಮಾನ್ಯದವರಲ್ಲ ಟೀಚರ್” ಎಂದು ಶುರುಮಾಡಿದ. “ದೊಡ್ಡ ಮನೆ ಮಗುವಿಗೆ ಮಾತು ಕಲಿಸಿದ್ದೇ ಇವರು. ನಾಲ್ಕು ವರ್ಷಕ್ಕೇ ಆ ಹುಡುಗ ವಕೀಲನ ಹಾಗೆ ಮಾತಾಡ್ತಾನೆ!”

ಅಕ್ಕ ಅವನ ಕಾಲು ತುಳಿದಳು. ತಡವಾಗಿತ್ತು. ಟೀಚರ್ ಮುಖದ ನಗು ಸ್ವಲ್ಪ ಇಳಿಯಿತು.

“ಅಲ್ಲಮ್ಮ, ಬೇರೆಯವರ ಮಗುವಿಗೆ ಅಷ್ಟು ಚೆನ್ನಾಗಿ ಕಲಿಸೋಳು, ಸ್ವಂತ ಮಗಳ ಜೊತೆ ಯಾಕೆ ಮಾತಾಡಲಿಲ್ಲ?”

ಅಕ್ಕ ಸೆರಗು ಸರಿಮಾಡಿಕೊಂಡು ಟೀಚರ್ ಮುಖವನ್ನೇ ನೋಡಿದಳು.

“ಆ ಮಗುವಿನ ತಾಯಿ ನನಗೆ ಸಂಬಳ ಕೊಡ್ತಾಳೆ ಮೇಡಂ. ಇವಳ ತಾಯಿ ಕೊಡಲ್ಲ.”